ಗುಪ್ತರೋಗಕ್ಕೆ ಟಾಂಗಾ ಮೇಲೆ ಮೈಕು

ಮಹಾಜನಗಳೇ, ಮುಂದೆ ಚಾಪೆ ಹಿಡಿದವರೇ, ಹಿಂದೆ ಗೋಡೆ ಹತ್ತಿದವರೇ, ಸಾಕ್ಷಿಗೆ ನೀವಿರಬೇಕು. ನಾನು ಮಾತಾಡುವುದು ರಾಯಚೂರಿನಲ್ಲಿ ಫ್ಯಾನಿನ ಕೆಳಗೆ ಕುಳಿತ ಆರೋಗ್ಯ ಇಲಾಖೆಯ ಸಾಹೇಬರೊಂದಿಗೆ.

ಮಾನ್ಯರೇ, ಗುಪ್ತರೋಗಿಗಳ ಹೆಸರನ್ನು ದೇವದುರ್ಗದ ಸಂತೆಯಲ್ಲಿ ಮೈಕು ಹಿಡಿಸಿ ಕೂಗಿಸಿದಿರಲ್ಲ, ಇದು ಯಾವ ಸೀಮೆಯ ವೈದ್ಯ?

ಉದ್ದೇಶ ದೊಡ್ಡದು, ಒಪ್ಪಿದೆ. ಗೊನೊರಿಯಾ ಎಂಬ ಈ ಗುಪ್ತರೋಗಕ್ಕೆ ಲಸಿಕೆ ಹುಡುಕುವವರಿಗೆ ವಾಸಿಯಾದವರ ರಕ್ತ ಬೇಕಿತ್ತು. ಇಲ್ಲಿನ ದವಾಖಾನೆಯ ನಿಮ್ಮ ಡಾಕ್ಟರಮ್ಮನೇ ಬಿಡಿಸಿ ಹೇಳಿದರು: ಈ ರೋಗಾಣು ಮೈಮೇಲಿನ ವೇಷ ಬದಲಿಸುತ್ತಲೇ ಇರುತ್ತದೆ, ನಮ್ಮ ರಕ್ತದ ಪ್ರತಿಕಾಯಗಳು ಹಳೆಯ ವೇಷವನ್ನೇ ಹುಡುಕುತ್ತ ಬೇಸ್ತು ಬೀಳುತ್ತವೆ. ಬದಲಾಗದ ಭಾಗ ಯಾವುದು, ಅದನ್ನು ಹಿಡಿಯುವ ಪ್ರತಿಕಾಯ ಯಾರ ರಕ್ತದಲ್ಲಿದೆ ಎಂದು ತಿಳಿದರೆ ಲಸಿಕೆಗೊಂದು ಗುರಿ ಸಿಕ್ಕಂತೆ. ನಾಟಕದವನಿಗೆ ಇದು ಅರ್ಥವಾಗದೇ? ನಮ್ಮ ಕಂಪನಿಯ ಮಾಳಿಂಗಪ್ಪ ಇಂದು ದ್ರೌಪದಿ, ನಾಳೆ ದುಶ್ಶಾಸನ. ಸೀರೆ ನಂಬಿದವ ಕೆಟ್ಟ. ಎಡಗಾಲು ಎಳೆದು ನಡೆಯುವುದನ್ನು ಗುರುತಿಟ್ಟವನೇ ಅವನನ್ನು ಹಿಡಿದಾನು.

ಆದರೆ ರಕ್ತ ಕೊಡಲು ಬನ್ನಿರೆಂದು ಸಾರಲು ನೀವು ಹಿಡಿದದ್ದು ಯಾರನ್ನು? ನಮ್ಮ ನಾಟಕವನ್ನು ಟಾಂಗಾದಲ್ಲಿ ಕುಳಿತು ಸಾರುವ ಪೀರಾ ಸಾಬನನ್ನು. ಹಿಂದೆ ಚಿಕಿತ್ಸೆಗೆ ಬಂದವರ ಹೆಸರುಗಳನ್ನೂ ನಿಮ್ಮ ಕಚೇರಿಯವರೇ ಅವನ ಕಿವಿಗೆ ಹಾಕಿದರು. ಅವನು ರೂಢಿಯಂತೆ "ನಿಮ್ಮ ನೆಚ್ಚಿನ" ಎಂದು ಶುರುಮಾಡಿ ಒಬ್ಬೊಬ್ಬರನ್ನೇ ರಂಗಕ್ಕೆ ಇಳಿಸಿದ. ತಡೆದು ಕೇಳಿದೆ.

"ಮತ್ತೇನ್ರೀ ಯಪ್ಪಾ, ಪಾರ್ಟ್ ಮಾಡೋರ ಹೆಸರ ಹೇಳದಿದ್ರ ಜನಾ ಹೆಂಗ ಬರ್ತಾರ?"

ಒಂದು ನರಪಿಳ್ಳೆಯೂ ಬರಲಿಲ್ಲ, ಮಾನ್ಯರೇ. ಹೆಸರು ಕೂಗಿಸಿಕೊಂಡವರಲ್ಲಿ ಒಬ್ಬಳು ತಾಯಿ. ಹೆಸರು ಹೇಳಲಾರೆ, ಆ ಕೆಲಸ ನೀವು ಮುಗಿಸಿದ್ದೀರಿ. ಗಂಡ ರೋಗ ತಂದ, ಸೂಜಿ ಹಾಕಿಸಿಕೊಂಡ, ಊರು ಬಿಟ್ಟ. ಇವಳ ಚಿಕಿತ್ಸೆ ಅರ್ಧಕ್ಕೇ ನಿಂತಿದೆ. ಕಿಬ್ಬೊಟ್ಟೆ ಒತ್ತಿಹಿಡಿದು ಕುಳಿತವಳಿಗೆ, "ದವಾಖಾನಿಗಿ ನಡಿ ಯವ್ವಾ" ಅಂದೆ.

"ಸಂತ್ಯಾಗ ಮಾನ ಹರಾಜ್ ಹಾಕ್ಯಾರ. ಇನ್ನ ಅಲ್ಲಿ ಹೋಗಿ ಏನ್ ಕೂಗಿಸ್ಕೊಳ್ಳಲಿ? ಸತ್ರ ಮನ್ಯಾಗ ಸಾಯ್ತೀನಿ, ಬಿಡ್ರಿ."

ಇವಳೇ ಉಳಿಯದಿದ್ದರೆ ಲಸಿಕೆ ಯಾರ ತೋಳಿಗೆ? ನಿಮಗೇ ಈ ರೋಗ ಬಂದಿದ್ದರೆ, ಬರದಿರಲಿ, ನಿಮ್ಮ ಹೆಸರನ್ನು ಹುದ್ದೆ ಸಮೇತ ಸಾರಿಸುತ್ತಿದ್ದಿರಾ?

ಕೂಗುವುದು ಇಂದೇ ನಿಲ್ಲಲಿ. ದವಾಖಾನೆಯ ಹಿಂಬಾಗಿಲು ತೆರೆಯಲಿ, ಒಳಗೆ ಡಾಕ್ಟರಮ್ಮ ಒಬ್ಬರೇ ಇರಲಿ. ಮೊದಲು ಔಷಧ, ರಕ್ತ ಆಮೇಲೆ, ಅದೂ ಒಪ್ಪಿದವರದು ಮಾತ್ರ.

ಹಿಂದೆ ಕಂಪನಿ ಮಾನವಿಯಲ್ಲಿ ಕ್ಯಾಂಪ್ ಹಾಕಿದ್ದಾಗ ಈ ರೋಗ ನನಗೂ ಬಂದು ಹೋಗಿದೆ. ನಾಳೆ ಬೆಳಿಗ್ಗೆ ದವಾಖಾನೆಯ ಮುಂಬಾಗಿಲಿನಲ್ಲಿ ನಿಂತು ಆ ಕಥೆಯನ್ನು ಭೀಮನ ಕಂಠದಲ್ಲಿ ಹೇಳುತ್ತೇನೆ. ಊರಿನ ಕಣ್ಣೆಲ್ಲ ಇತ್ತ ಬರಲಿ. ಹಿಂಬಾಗಿಲ ಕಡೆ ಇಣುಕಲು ಹೋದವರ ಹೆಸರನ್ನು ಮಾತ್ರ, ತಂದೆಯ ಹೆಸರು ಸಮೇತ, ನಾನೇ ಕೂಗುತ್ತೇನೆ.

ಇಂತಿ,
ಗದೆ ಎತ್ತಿಯೂ ಸೂಜಿಗೆ ಹೆದರುವ
ಕನಕರಾಯ
ನಾಟಕ ಕಂಪನಿ, ದೇವದುರ್ಗ ಕ್ಯಾಂಪ್, ೧೯೮೪