ಐದು ಕಾಲಿನ ಬೆಕ್ಕು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೋದ ಮಂಗಳವಾರ, ಹತ್ತು ಜನರ ಸಮಕ್ಷಮ, ಸ್ವಸ್ಥಚಿತ್ತನಾಗಿ, ಒಂದು ಬಡಪಾಯಿ ಬೆಕ್ಕಿನ ಕಾಲು ಮುರಿದೆನೆಂದು ನಿನ್ನ ಅಪ್ಪನಾದ ನಾನು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಶಿಕ್ಷೆ ಸ್ಥಳದಲ್ಲೇ ಜಾರಿಯಾಯಿತು. ಬಲ ಹೆಬ್ಬೆರಳಿಗೆ ಕಟ್ಟು ಬಿದ್ದಿದ್ದರಿಂದ ಉತ್ತರ ತಡವಾಯಿತು, ಕ್ಷಮಿಸು. ನೀವೆಲ್ಲ ಆರಾಮ ತಾನೆ?

ಬೆಕ್ಕು ಮಣ್ಣಿನದು, ಮಾಡಿದವಳು ನಿನ್ನ ಅಮ್ಮ. ಆಸ್ಪತ್ರೆಯ ಹಿಂದಿನ ಹಾಲ್‌ನಲ್ಲಿ ಮರೆವಿನ ಕಾಯಿಲೆಯವರಿಂದ ವಾರಕ್ಕೆರಡು ಸಲ ಮಣ್ಣಿನ ಕೆಲಸ ಮಾಡಿಸುತ್ತಾರೆಂದು ಬರೆದಿದ್ದೆನಲ್ಲ, ಅಲ್ಲಿ. ಮಾಡಿಸುವ ಹುಡುಗಿಗೆ ನಾನಿಟ್ಟ ಹೆಸರು ಮಣ್ಣಿನ ಮೇಡಂ. ಅವಳದು ಒಂದೇ ಕಾನೂನು: ಯಾರ ಕೆಲಸವನ್ನೂ ಯಾರೂ ತಿದ್ದಬಾರದು. ಜೀವಮಾನವಿಡೀ ಅಚ್ಚುಕೂಟದಲ್ಲಿ ಕರಡು ತಿದ್ದಿ ಅನ್ನ ತಿಂದವನಿಗೆ ಹೇಳುವ ಮಾತೇ ಇದು?

ಅಮ್ಮನ ಬೆಕ್ಕಿಗೆ ಐದು ಕಾಲು.

"ಐದನೇದು ಯಾಕಮ್ಮಾ?" ಎಂದು ಮೇಡಂ ಕೇಳಿದಳು.

"ನಾಲ್ಕರಲ್ಲಿ ನಿಂತ್ಕೊಳ್ಳುತ್ತೆ, ಐದನೇದ್ರಲ್ಲಿ ಒದೆಯುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕೈ ಚಾಚಿ, ಹೆಚ್ಚಿನ ಅಕ್ಷರ ಹೊಡೆದುಹಾಕುವಂತೆ, ಆ ಕಾಲನ್ನು ಚಿವುಟಿ ತೆಗೆದೆ.

"ಮುಟ್ಬೇಡ ಕಣೋ, ಕಟುಕ!"

ಮಣ್ಣು ಲಟ್ಟಿಸುವ ಕೋಲು ಹಣೆಗೆ ಬಿತ್ತು. ಕನ್ನಡಕ ಚೂರಾಯಿತು, ರಕ್ತ ಕಣ್ಣಿಗಿಳಿಯಿತು. ಪಕ್ಕದ ಮುದುಕ ಟೈಲರ್ "ಇನ್ನೊಂದು ಹಾಕಿ ಅಕ್ಕಾ!" ಎಂದು ಹುರಿದುಂಬಿಸಿದ, ಮರುಕ್ಷಣ ಅವನ ಹಸಿ ಹೂದಾನಿ ಗೋಡೆಗೆ ಬಡಿದು ಚಪ್ಪಟೆಯಾಯಿತು. ಬಿಡಿಸಲು ಬಂದ ಮೇಡಂನ ಕೂದಲು ಹಿಡಿದು ಅಮ್ಮ ಮೇಜಿಗೆ ಕುಕ್ಕಿದಳು. ನಾನು ಅಡ್ಡ ಹೋದೆ. ಹೆಬ್ಬೆರಳು ಅವಳ ಹಲ್ಲಿಗೆ ಸಿಕ್ಕಿ ಕಟಕ್ ಎಂದಿತು.

ತುಟಿ ಸೀಳಿದ್ದರೂ ಮೇಡಂ ಮೆಲ್ಲಗೇ ಹೇಳಿದಳು: "ಅಂಕಲ್, ನೀವು ಬರದ ದಿನ ಅವರು ಯಾರಿಗೂ ಹೊಡೆಯಲ್ಲ."

ಶುಕ್ರವಾರ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಗಾಜಿನಲ್ಲಿ ಇಣುಕಿದೆ. ಅಮ್ಮ ಏನೋ ಗುನುಗುತ್ತಾ ಮಣ್ಣು ನಾದುತ್ತಿದ್ದಳು.

ಅವಳನ್ನು ನಿನ್ನ ಮನೆಗೆ ಕಳಿಸಬೇಕೆಂದು ಬರೆದಿದ್ದೀಯ. ಬೇಡ. ಮದುವೆಯಾದಂದಿನಿಂದ ಇಂದಿನವರೆಗೆ ನಾನು ಅವಳ ಮೇಲೆ ಕೈ ಎತ್ತಿದವನಲ್ಲ. ಏಟು ತಿಂದೇನು, ತಿರುಗಿಸಿ ಕೊಟ್ಟೇನೇ? ಇಷ್ಟು ತಾಳ್ಮೆಯವನು ನಿಮ್ಮ ಕಡೆ ಬಾಡಿಗೆಗೂ ಸಿಗುವುದಿಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನೂರು ಕಾಲ ಬಾಳು. ಅವಸರದಲ್ಲಿ ನೂರು ಕಾಲು ಎಂದು ಓದಿಕೊಳ್ಳಬೇಡ.

ನಿನ್ನ
ಅಪ್ಪ

ಬರೆಯದೆ ಬಿಟ್ಟದ್ದು: ಮೊನ್ನೆ ಫೋನಿನಲ್ಲಿ ಅಮ್ಮನ ಬಾತ ಕೆನ್ನೆ ನೋಡಿ ಕೇಳಿದೆಯಲ್ಲ, ಬಾಗಿಲು ತಗುಲಿತು ಎಂದೆ. ಬಾಗಿಲಲ್ಲ. ಬುಧವಾರ ಬೆಳಿಗ್ಗೆ ಸ್ವೆಟರಿನ ಗುಂಡಿಗಳನ್ನು ಮೇಲೆಕೆಳಗೆ ಹಾಕಿಕೊಂಡಿದ್ದಳು. ಬಿಚ್ಚಿ ಸರಿಮಾಡಲು ಹೋದೆ, ಮುಖಕ್ಕೆ ಉಗಿದಳು. ಎಡಗೈಯಲ್ಲಿ ಹೊಡೆದೆ. ಗೋಡೆಗೆ ಜಾರಿ ಕೂತವಳು ಒಳಮನೆಯ ಕಡೆ ತಿರುಗಿ ನನ್ನನ್ನೇ ಕೂಗಿದಳು: "ರೀ, ಬೇಗ ಬನ್ರೀ, ಯಾರೋ ಹೊಡೀತಿದಾನೆ!"

ಬಂದು ಅವಳನ್ನು ಕರೆದುಕೊಂಡು ಹೋಗು ಮಗಳೇ. ಆ ಕೂಗು ಕೇಳಿದ ಮೇಲೂ ನಾನು ಇನ್ನೊಂದು ಹೊಡೆದೆ.