ನೇಗಿಲು ಮುಟ್ಟದ ರೋಮನ್

ರಿಚ್ಮಂಡ್, 1788 ಏಪ್ರಿಲ್ 9, ಬುಧವಾರ

ನಮ್ಮ ಪತ್ರಿಕೆಗೆ ಜಮೀನುದಾರ ಟಾರ್ಪ್ಲಿ ದೊರೆಯ ಲೇಖನದ ಅಚ್ಚುಮೊಳೆ ಜೋಡಿಸಿದಾಗಿನಿಂದ ಮೈಯೆಲ್ಲ ಉರಿಯುತ್ತಿದೆ. ಸ್ವಾತಂತ್ರ್ಯ, ಗಣರಾಜ್ಯ ಅಂತ ಮೂರು ಕಾಲಂ! ಕೆಳಗೆ ಸಹಿ ಮಾತ್ರ 'ಸಿನ್ಸಿನೇಟಸ್'. ದೇಶ ಕರೆದಾಗ ನೇಗಿಲು ಬಿಟ್ಟೆದ್ದು ಬಂದ ಆ ಹಳೇ ರೋಮನ್ನನ ಹೆಸರು. ಈ ಮಹಾಶಯ ಹುಟ್ಟಿದಾಗಿನಿಂದ ನೇಗಿಲು ಮುಟ್ಟಿದವನಲ್ಲ. ಉಳುವವನು ಅವನ ಗುಲಾಮ ಎಲೈಜಾ. ಲೇಖನ ತಂದುಕೊಟ್ಟವನೂ ಅವನೇ.

"ನಮ್ ದೊರೆ ದಿನಾ ಹೊಗಳ್ತಾರಲ್ಲ, ಯಾರಮ್ಮಾ ಆ ಸಿನ್ಸಿನೇಟಸ್ಸು?" ಅಂದ. ಕಥೆ ಹೇಳಿದೆ.

ಬಾಗಿಲವರೆಗೆ ಹೋದವನು ತಿರುಗಿದ. "ಆವಯ್ಯ ಎದ್ದು ಹೋದ್ಮೇಲೆ ಆ ಹೊಲ ಉತ್ತೋರ್ ಯಾರಮ್ಮಾ?"

ದೊರೆಯನ್ನು ಎಷ್ಟು ಬೈದರೇನು? ಸಂಜೆ ಆ ಲೇಖನವನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿದವಳು ನಾನೇ.