ಯಾರೂ ಕದಿಯದ ಪಾಸ್‌ವರ್ಡ್

ಮಾರ್ಚ್ 4, ಬೆಳಿಗ್ಗೆ

ಮತ್ತೆ ಸರ್ವರ್ ನಿಧಾನ. ರೀಸ್ಟಾರ್ಟ್ ಮಾಡಿದೆ. ಆಮೇಲೆ ಸಪೋರ್ಟ್‌ನವಳು ಒಂದು ಕರೆ ನನಗೆ ದಾಟಿಸಿದಳು. ನಮ್ಮ ಸೈಟಿನಲ್ಲಿ ಮನೋವೈದ್ಯರಿಗೆ ಗುಟ್ಟಾಗಿ ಬರೆದುಕೊಳ್ಳುವ ಒಬ್ಬ ಟೀಚರ್. ಬರೆದದ್ದೆಲ್ಲ — ನಿದ್ದೆ ಮಾತ್ರೆ, ಸಾಯುವ ಯೋಚನೆ — ಯಾರೋ ಅವರ ಶಾಲೆಯವರ ಫೋನುಗಳಿಗೆ ಕಳಿಸಿದ್ದಾರೆ.

“ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟಿದ್ರಾ ಮೇಡಂ?”

“ನಮ್ಮ ಯಜಮಾನ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ.” ಸ್ವಲ್ಪ ತಡೆದು, “ಅಂದ್ರೆ... ಅವರೇನಾ?”

ಇರಬಹುದು ಎಂದೆ. ಫೋನ್ ಇಟ್ಟೆ.

ಮಾರ್ಚ್ 4, ಸಂಜೆ

ಯಾರು ಯಾವಾಗ ಒಳಬಂದರೆಂಬ ಲಾಗ್ ನೋಡಿದೆ. ಕದ್ದವರು ಪಾಸ್‌ವರ್ಡ್ ಬಳಸಿಯೇ ಇಲ್ಲ.

ಲಾಗಿನ್ ಆದವರಿಗೆ ಸೈಟು ಒಂದು ಗುಟ್ಟಿನ ಸಂಖ್ಯೆ ಕೊಡುತ್ತದೆ. ಅದು ಯಾರ ಕೈಗೆ ಸಿಕ್ಕರೂ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಬಿಡುತ್ತದೆ. ಊಹೆಗೆ ಸಿಗಬಾರದ ಸಂಖ್ಯೆ. ನಾನು ಅದನ್ನು ಗಡಿಯಾರದಿಂದ ಹುಟ್ಟಿಸಿದ್ದೆ! ಲಾಗಿನ್ ಆದ ಹೊತ್ತು ಅಂದಾಜಿದ್ದರೆ ಸಾಕು, ಆ ಹೊತ್ತಿನ ಸಂಖ್ಯೆಗಳನ್ನು ಒಂದೊಂದೇ ಹಾಕಿ ನೋಡಬಹುದು. ಯಾರೋ ಹಾಗೇ ಮಾಡಿದ್ದಾರೆ. ಯಾರೆಂದು ಪತ್ತೆಯಿಲ್ಲ.

ಕೋಡಿನ ಪಕ್ಕ ನಾನೇ ಬರೆದಿಟ್ಟಿದ್ದೇನೆ — ‘ಸದ್ಯಕ್ಕೆ ಇಷ್ಟು ಸಾಕು’. ಸರಿಪಡಿಸಿ ಎಲ್ಲರನ್ನೂ ಲಾಗೌಟ್ ಮಾಡಿಸಿದೆ. ಕಾಫಿ ಆರುವಷ್ಟರಲ್ಲಿ ಮುಗಿಯಿತು. ಇಷ್ಟು ದಿನ ಏನು ಮಾಡುತ್ತಿದ್ದೆ?

ಮಾರ್ಚ್ 5

ಮ್ಯಾನೇಜರಿಗೆ ಹೇಳಿದೆ.

“ಸರಿಹೋಯ್ತಲ್ಲ? ಇನ್ನು ಬಾಯಿ ಬಿಡ್ಬೇಡಿ. ಪಾಸ್‌ವರ್ಡ್ ಸೋರಿಕೆ ಅಂತ ಮುಗಿಸಿ.”

ತಲೆಯಾಡಿಸಿದೆ. ಥೂ.

ಮಾರ್ಚ್ 11

ಟೀಚರ್ ಗಂಡ ಫೋನ್ ಮಾಡಿದ್ದರು. ಟೈಲರ್ ಅಂತೆ.

“ಅವಳು ತವರಿಗೆ ಹೋಗ್ಬಿಟ್ಳು ಸಾರ್. ನಾನು ನೋಡಿಲ್ಲ ಅಂದ್ರೂ ನಂಬ್ತಿಲ್ಲ. ನೀವೊಂದ್ಸಲ ಹೇಳ್ಬಾರ್ದಾ?”

ವಿಚಾರಿಸ್ತೀವಿ ಎಂದೆ. ಊಟ ಸೇರಲಿಲ್ಲ. “ಯಾರ ಮೇಲೆ ಕೋಪ?” ಅಕ್ಕ ಕೇಳಿದಳು. ತಟ್ಟೆ ಎತ್ತಿಕೊಂಡು ಎದ್ದೆ.

ಮಾರ್ಚ್ 12

ಟೀಚರಿಗೆ ನಾನೇ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ.

“ತಪ್ಪು ನಂದು ಮೇಡಂ. ನಿಮ್ಮ ಯಜಮಾನ್ರದ್ದಲ್ಲ.”

“ಅವರೇ ಇರಬಹುದು ಅಂದವರು ನೀವೇ ಅಲ್ವಾ?”

“ಹೌದು.”

“ನೆರೆಮನೆಯವ್ರ ಮುಂದೆ ಅವರನ್ನ ಕಳ್ಳ ಅಂದೆ ನಾನು. ಭಾನುವಾರ ನಮ್ಮ ಮನೆಗೆ ಬನ್ನಿ, ನಾನೂ ಬರ್ತೀನಿ. ಇದನ್ನೇ ಅವರೆದುರು ಹೇಳಿ.”

ಉಳಿದ ಬಳಕೆದಾರರಿಗೂ ನಿಜ ತಿಳಿಸದಿದ್ದರೆ ನಾನೇ ತಿಳಿಸುತ್ತೇನೆಂದು ಮ್ಯಾನೇಜರಿಗೆ ಬರೆದು ಹಾಕಿದೆ. ಕೆಲಸ ಹೋದರೆ ಹೋಗಲಿ.

ಮಾರ್ಚ್ 17, ಭಾನುವಾರ

ಅವರ ಮನೆ ಎದುರಿನ ಬಸ್ ಸ್ಟಾಪಿನಲ್ಲಿ ಕೂತಿದ್ದೇನೆ. ಟೀಚರ್ ಆಗಲೇ ಬಂದಿದ್ದಾರೆ. ಮೆಟ್ಟಿಲ ಮೇಲೆ ನಿಂತಿದ್ದಾರೆ, ಒಳಗೆ ಹೋಗಿಲ್ಲ. ಒಳಗಿಂದ ಹೊಲಿಗೆ ಮೆಷಿನ್ ಸದ್ದು.

ನಿಂತಿತು.

ಗಂಡ ಬಾಗಿಲು ತೆರೆದರು. ಹೆಂಡತಿಯನ್ನು ನೋಡಿದರು. ಟೀಚರ್ ನನ್ನ ಕಡೆ ಕೈ ತೋರಿಸುತ್ತಿದ್ದಾರೆ. ಏಳಬೇಕು. ಮೊದಲ ಮಾತು ಏನೆಂದು —